ಕ್ಯಾಡಿಲಾಕ್, ರಿವಿಯೆರಾ, ಲಿಂಕನ್: ಮೂರರಲ್ಲೂ ಕೂತು ನೋಡಿದ ಮೇಲೆ

ಭಾವನಿಗೂ ನನಗೂ ಹತ್ತು ವರ್ಷದಿಂದ ಒಂದು ವಾದ ನಡೆಯುತ್ತಿದೆ. ಹಳೇ ಅಮೆರಿಕನ್ ಕಾರುಗಳಲ್ಲಿ ಯಾವುದು ಚೆಂದ? ಅವರು 1959ರ ಕ್ಯಾಡಿಲಾಕ್ ಅನ್ನುತ್ತಾರೆ. ನಾನು 1963ರ ಬ್ಯೂಕ್ ರಿವಿಯೆರಾ ಅನ್ನುತ್ತೇನೆ. ನಾವಿಬ್ಬರೂ ಇರೋದು ಡೆಟ್ರಾಯಿಟ್ ಪಕ್ಕದಲ್ಲೇ. ಪ್ರತಿ ವರ್ಷ ಆಗಸ್ಟ್ ತಿಂಗಳ ಮೂರನೇ ಶನಿವಾರ ಇಲ್ಲಿ ವುಡ್‌ವರ್ಡ್ ರಸ್ತೆಯಲ್ಲಿ ಹಳೇ ಕಾರುಗಳ ಮೆರವಣಿಗೆ ಇರುತ್ತದೆ. 1995ರಲ್ಲಿ ಶುರುವಾದ ಡ್ರೀಮ್ ಕ್ರೂಸ್ ಅದು. ರಸ್ತೆ ಪಕ್ಕ ಮಡಚೋ ಕುರ್ಚಿ ಹಾಕಿಕೊಂಡು, ಡಬ್ಬಿಯಲ್ಲಿ ಚಿತ್ರಾನ್ನ ತುಂಬಿಕೊಂಡು ಹೋಗಿ, ಬೆಳಗ್ಗೆಯಿಂದ ಸಂಜೆವರೆಗೂ ಇದೇ ವಾದ ಮಾಡುತ್ತೇವೆ. ನಮಗೆ ಅದು ಹಬ್ಬ.

ಆದರೆ ಅಷ್ಟು ವರ್ಷವೂ ನಾವು ನೋಡಿದ್ದು ಹೊರಗಿಂದ ಮಾತ್ರ. ಹೋದ ಬೇಸಿಗೆಯಲ್ಲಿ ಒಳಗೆ ಕೂರೋ ಅವಕಾಶ ಸಿಕ್ಕಿತು. ಮೆರವಣಿಗೆಯಲ್ಲೇ ಪರಿಚಯವಾದ ಮೂವರು ಹಿರಿಯರು ಒಂದು ಭಾನುವಾರ ತಮ್ಮ ಕಾರುಗಳನ್ನು ತಂದರು. ಕ್ಯಾಡಿಲಾಕ್, ರಿವಿಯೆರಾ, ಜೊತೆಗೆ ನಾವಿಬ್ಬರೂ ಲೆಕ್ಕಕ್ಕೇ ತಗೊಂಡಿರದ 1964ರ ಲಿಂಕನ್ ಕಾಂಟಿನೆಂಟಲ್. ತಿಪಟೂರಿನಿಂದ ಬಂದಿದ್ದ ಅಮ್ಮನೂ ಜೊತೆಗಿದ್ದರು. ಅಮ್ಮನಿಗೆ ಎಪ್ಪತ್ತು ದಾಟಿದೆ, ಮಂಡಿನೋವು ಇದೆ, ಉಡೋದು ಸೀರೆ. ಅವರು ಬಂದಿದ್ದೇ ಒಳ್ಳೇದಾಯಿತು. ನಮ್ಮ ಕಣ್ಣಿಗೆ ಬೀಳದ ಎಷ್ಟೋ ಸಂಗತಿ ಅವರ ಮಂಡಿಗೆ ಗೊತ್ತಾಯಿತು.

ಮೂರೂ ಕಾರಿಗೆ ಒಂದೇ ದಾರಿ ಇಟ್ಟುಕೊಂಡೆವು. ಸ್ವಲ್ಪ ಊರ ರಸ್ತೆ, ಸ್ವಲ್ಪ ಹೆದ್ದಾರಿ, ಮಿಷಿಗನ್ ಚಳಿಗಾಲ ಬಿಟ್ಟುಹೋದ ಒಂದಷ್ಟು ಗುಂಡಿ. ಓಡಿಸಿದ್ದು ಆಯಾ ಕಾರಿನ ಯಜಮಾನರೇ. ಖಾಲಿ ಪಾರ್ಕಿಂಗ್ ಜಾಗದಲ್ಲಿ ಮಾತ್ರ ನಮ್ಮ ಕೈಗೂ ಸ್ಟೀರಿಂಗ್ ಕೊಟ್ಟರು.

ಮೊದಲು ಕ್ಯಾಡಿಲಾಕ್. ಸೆಡಾನ್ ಡೆವಿಲ್, ಚಪ್ಪಟೆ ಚಾವಣಿಯದು, ತಿಳಿ ಹಸಿರು ಬಣ್ಣ. ಉದ್ದ ಸುಮಾರು 5.7 ಮೀಟರ್. ನಮ್ಮ ಅಂಬಾಸಿಡರ್ 4.3 ಮೀಟರ್ ಅಂದರೆ ಅಂದಾಜು ಸಿಗಬಹುದು. ಅಗಲ ಎರಡು ಮೀಟರ್ ದಾಟುತ್ತದೆ. ಆದರೆ ಅಳತೆ ಹೇಳಿದರೆ ಈ ಕಾರು ಅರ್ಥವಾಗೋದಿಲ್ಲ. ಹಿಂದೆ ಹೋಗಿ ನಿಲ್ಲಬೇಕು. ಎರಡೂ ಕಡೆ ರೆಕ್ಕೆ ಥರ ಎದ್ದ ಫಿನ್. ಒಂದೊಂದು ಫಿನ್ ಮಧ್ಯದಲ್ಲಿ ಬಂದೂಕಿನ ಗುಂಡಿನ ಆಕಾರದ ಜೋಡಿ ಕೆಂಪು ದೀಪ. ಯಜಮಾನರು ಬ್ರೇಕ್ ಒತ್ತಿದಾಗ ಆ ದೀಪಗಳು ಹೊತ್ತಿಕೊಂಡವು. ರಾಕೆಟ್ಟಿನ ಬಾಲದಲ್ಲಿ ಬೆಂಕಿ ಬಂದ ಹಾಗೆ. ಭಾವ ಏನೂ ಮಾತಾಡಲಿಲ್ಲ, ನನ್ನ ಮುಖ ನೋಡಿದರು, ಅಷ್ಟೇ.

ಕ್ಯಾಡಿಲಾಕ್‌ಗೆ ಫಿನ್ ಬಂದದ್ದು 1948ರಲ್ಲಿ. ಲಾಕ್‌ಹೀಡ್ ಪಿ-38 ಯುದ್ಧವಿಮಾನದ ಬಾಲ ನೋಡಿ ಹುಟ್ಟಿದ ಆಸೆ ಅದು. ಆಮೇಲೆ ಬೆಳೆಯುತ್ತಾ ಬೆಳೆಯುತ್ತಾ 1959ಕ್ಕೆ ತುದಿ ಮುಟ್ಟಿತು. ಆ 1959ರ ಮಾದರಿಯ ಕತೆ ನಡೆದದ್ದು ನಮ್ಮ ಪಕ್ಕದ ವಾರನ್‌ನಲ್ಲೇ. 1956ರ ಆಗಸ್ಟ್. ಕ್ಯಾಡಿಲಾಕ್, ಬ್ಯೂಕ್ ಎರಡನ್ನೂ ಮಾಡೋ ಜನರಲ್ ಮೋಟರ್ಸ್‌ನ ಡಿಸೈನರ್ ಚಕ್ ಜೋರ್ಡನ್ ಊಟದ ಬಿಡುವಿನಲ್ಲಿ ಕಾರು ತಗೊಂಡು ಹೊರಟಿದ್ದರು. ಎದುರಾಳಿ ಕಂಪನಿ ಕ್ರೈಸ್ಲರ್‌ನವರ ಜಾಗದಲ್ಲಿ, ಬೇಲಿಯಾಚೆ, ಇನ್ನೂ ಬಿಡುಗಡೆಯಾಗದ 1957ರ ಪ್ಲಿಮತ್‌ಗಳು ಸಾಲಾಗಿ ನಿಂತಿದ್ದವು. ತೆಳ್ಳನೆ ಚಾವಣಿ, ಚೂಪು ಫಿನ್. ಇವರು 1959ಕ್ಕೆ ಅಂತ ಮಾಡಿಟ್ಟಿದ್ದ ದಪ್ಪ ದಪ್ಪ ಮಾದರಿಗಳು ಅದರ ಮುಂದೆ ಅಜ್ಜನ ಕಾಲದವು ಅನ್ನಿಸಿದವು. ಸುದ್ದಿ ಕೇಳಿ ಉಳಿದವರೂ ಹೋಗಿ ನೋಡಿ ಬಂದರು. ವಿಭಾಗದ ಮುಖ್ಯಸ್ಥ ಹಾರ್ಲಿ ಅರ್ಲ್ ಆಗ ಯೂರೋಪಿನಲ್ಲಿದ್ದರು. ಅವರು ವಾಪಸ್ ಬರೋ ಹೊತ್ತಿಗೆ ಬಿಲ್ ಮಿಚೆಲ್ ಮತ್ತು ಜೊತೆಯವರು ಹಳೇದನ್ನು ಪಕ್ಕಕ್ಕಿಟ್ಟು ಹೊಸದಾಗಿ ಶುರು ಮಾಡಿದ್ದರು. ಈ ಕಾರಿನಲ್ಲಿ ಒಂದು ಆತುರ, ಒಂದು ಹಟ ಕಾಣುತ್ತದಲ್ವಾ, ಅದು ಅಲ್ಲಿಂದ ಬಂದದ್ದು.

ಈಗ ಒಳಗೆ ಹೋಗೋಣ. ಮುಂದಿನ ಗಾಜು ಎರಡೂ ಪಕ್ಕಕ್ಕೆ ಸುತ್ತಿಕೊಂಡು ಬರುತ್ತದೆ. ಕೂತಾಗ ನೋಟ ಅದ್ಭುತ. ಆದರೆ ಗಾಜು ಹಾಗೆ ಸುತ್ತಿರುವುದರಿಂದ ಅದನ್ನು ಹಿಡಿದಿರೋ ಕಂಬ ಕೆಳಗೆ ಬರುವಾಗ ಮೊಣಕೈ ಥರ ಬಾಗಿ ಬಾಗಿಲಿನ ದಾರಿಗೆ ಚಾಚಿಕೊಂಡಿದೆ. ಹತ್ತೋವಾಗ ಮಂಡಿ ಸರಿಯಾಗಿ ಅದಕ್ಕೇ ತಾಗುತ್ತದೆ. ನನಗೆ ತಾಗಿತು, ಭಾವನಿಗೂ ತಾಗಿತು. ಅಮ್ಮ ಒಂದು ಕಾಲಿಟ್ಟು, ಆ ಮೂಲೆ ನೋಡಿ, "ಬೇಡ ಕಣೋ, ನಾನು ಹಿಂದೆ ಕೂರ್ತೀನಿ" ಅಂದರು. ಮುಂದಿನ ಸೀಟಿನ ಪರೀಕ್ಷೆ ಅವರ ಮಟ್ಟಿಗೆ ಅಲ್ಲಿಗೇ ಮುಗಿಯಿತು.

ಸೀಟು ಮಾತ್ರ ಸೋಫಾನೇ. ಜರಿ ನೇಯ್ದ ಹಾಗೆ ಮಿನುಗೋ ಬಟ್ಟೆ, ಒಳಗೆ ಮೆತ್ತನೆ ಸ್ಪ್ರಿಂಗ್. ಕೂತರೆ ಇಳಿದುಕೊಂಡು ಹೋಗುತ್ತೇವೆ. ಹಿಂದೆ ಕಾಲು ಚಾಚೋಕೆ ಧಾರಾಳ ಜಾಗ. ಮಧ್ಯದಲ್ಲಿ ಕೂರೋರಿಗೆ ಮಾತ್ರ ಕಷ್ಟ, ಕಾಲ ಕೆಳಗೆ ದೊಡ್ಡ ದಿಬ್ಬ ಇದೆ. ಗುಂಡಿ ಬಂದಾಗ ತೊಟ್ಟಿಲು ತೂಗಿದ ಹಾಗೆ ಒಂದು ಸಲ ಎದ್ದು, ಒಂದು ಸಲ ಇಳಿದು, ಆಮೇಲೆ ನಿಲ್ಲುತ್ತದೆ. ಹತ್ತು ನಿಮಿಷ ಸುಖ. ಅರ್ಧ ಗಂಟೆ ಆದ ಮೇಲೆ ಸೊಂಟಕ್ಕೆ ಆಸರೆ ಸಾಲದು ಅನ್ನಿಸಿತು. ತಿರುವಿನಲ್ಲಿ ಹಿಡಿದುಕೊಳ್ಳೋಕೆ ಏನೂ ಇಲ್ಲದೆ ಒಬ್ಬರ ಮೇಲೊಬ್ಬರು ಜಾರಿದೆವು. ಹಿಂದಿನ ಗಾಜೂ ಸುತ್ತಿಕೊಂಡಿರೋದ್ರಿಂದ ಬಿಸಿಲು ನೇರ ಕುತ್ತಿಗೆಗೆ ಬೀಳುತ್ತಿತ್ತು. ಅಮ್ಮ ಸೆರಗು ತಲೆ ಮೇಲೆ ಎಳೆದುಕೊಂಡರು. ಮುಂದಿನ ಬಾಗಿಲಿನ ತ್ರಿಕೋನದ ಪುಟ್ಟ ಗಾಜು ತೆರೆದಾಗ ಒಳ್ಳೆ ಗಾಳಿ ಬಂತು. ಅಂಬಾಸಿಡರ್‌ನಲ್ಲಿ ಓಡಾಡಿದವರಿಗೆ ಆ ಗಾಳಿಯ ನೆನಪಿರುತ್ತದೆ.

ಆಮೇಲೆ ನನ್ನ ರಿವಿಯೆರಾ. ನನ್ನದು ಅಂದರೆ ನನ್ನ ಮೆಚ್ಚಿನದು. ಬೆಳ್ಳಿ ಬಣ್ಣ, ಎರಡೇ ಬಾಗಿಲು, 5.3 ಮೀಟರ್‌ಗಿಂತ ಸ್ವಲ್ಪ ಕಡಿಮೆ. ಫಿನ್ ಇಲ್ಲ, ಕ್ರೋಮ್ ಕೂಡ ಎಷ್ಟು ಬೇಕೋ ಅಷ್ಟೇ. ಬಿಲ್ ಮಿಚೆಲ್ ಲಂಡನ್ನಿನ ಮಂಜಿನಲ್ಲಿ ಒಂದು ರೋಲ್ಸ್-ರಾಯ್ಸ್ ನೋಡಿದರಂತೆ. ಇಸ್ತ್ರಿ ಮಾಡಿದ ಬಟ್ಟೆಯ ಮಡಿಕೆ ಥರ ಚೂಪು ಅಂಚಿನ ಚಾವಣಿ. ಅದೇ ಅಂಚು ಇಲ್ಲಿಗೆ ಬಂದದ್ದು. ಚಿತ್ರ ಬರೆದವರು ನೆಡ್ ನಿಕಲ್ಸ್. ಮೊದಲು ಇದು ಕ್ಯಾಡಿಲಾಕ್‌ಗೆ ಹೋಗಬೇಕಿತ್ತು, ಅವರು ಬೇಡ ಅಂದರು. ಕೊನೆಗೆ ಬ್ಯೂಕ್‌ನವರು ಗಿಟ್ಟಿಸಿಕೊಂಡರು. ಮೊದಲ ವರ್ಷ 40,000 ಕಾರು ಮಾತ್ರ ಮಾಡಿದರು.

ಈ ಕಾರಿನ ಚೆಂದ ನೋಡಬೇಕಾದ್ದು ಪಕ್ಕದಿಂದ. ಪಕ್ಕದ ಗಾಜಿಗೆ ಚೌಕಟ್ಟೇ ಇಲ್ಲ. ಗಾಜು ಇಳಿಸಿದರೆ ಮುಂದಿನಿಂದ ಹಿಂದಿನವರೆಗೆ ಒಂದೇ ಗೆರೆ. ಹಿಂದಿನ ಚಕ್ರದ ಮೇಲೆ ಆ ಗೆರೆ ಸ್ವಲ್ಪ ಉಬ್ಬುತ್ತದೆ. ನಾನು ಅದರ ಮೇಲೆ ಅಂಗೈ ಇಟ್ಟು ಸವರಿದೆ. ಎಲ್ಲಿ ಉಬ್ಬು ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಅಂತ ಕೈಗೆ ಸಿಗಲೇ ಇಲ್ಲ.

ಒಳಗೆ ನಾಲ್ಕು ಜನಕ್ಕೆ ನಾಲ್ಕು ಬೇರೆ ಬೇರೆ ಸೀಟು. ಮಧ್ಯದಲ್ಲಿ ಡ್ಯಾಶ್‌ಬೋರ್ಡ್‌ನಿಂದ ಇಳಿದು ಬರೋ ಕನ್ಸೋಲ್, ಅದರ ಮೇಲೆ ಗೇರ್. ಓಡಿಸೋರಿಗೆ ಮೂರರಲ್ಲಿ ಇದೇ ಅತಿ ಆರಾಮ. ಸೀಟು ಬೆನ್ನನ್ನು ಹಿಡಿದುಕೊಳ್ಳುತ್ತದೆ. ಈ ಕಾರಿಗೆ ಸ್ಟೀರಿಂಗನ್ನು ಮೇಲೆ ಕೆಳಗೆ ಬಾಗಿಸೋ ಸೌಲಭ್ಯವೂ ಇತ್ತು. 1963ರ ಡೈನಾಫ್ಲೋ ಆಟೋಮ್ಯಾಟಿಕ್‌ನಲ್ಲಿ ಗೇರ್ ಬದಲಾಗೋ ಜರ್ಕ್ ಅನ್ನೋದೇ ಇಲ್ಲ. ಬೆಣ್ಣೆ ಮೇಲೆ ಚಾಕು ಹೋದ ಹಾಗೆ ವೇಗ ಏರುತ್ತದೆ, ಆದರೆ ನಿಧಾನಕ್ಕೆ. ಚುರುಕು ಬೇಕು ಅನ್ನೋರು 1964ರ ಮಾದರಿ ನೋಡಬೇಕು, ಅದರಲ್ಲಿ ಹೊಸ ಗೇರ್‌ಬಾಕ್ಸ್ ಬಂತು. ಬ್ರೇಕ್ ಕೂಡ ಕ್ಯಾಡಿಲಾಕ್‌ಗಿಂತ ನಂಬಿಕೆ ಬರುವಂಥದ್ದು. ಬ್ಯೂಕ್‌ನ ಮುಂದಿನ ಡ್ರಮ್‌ಗಳು ಅಲ್ಯೂಮಿನಿಯಂ, ಬಿಸಿ ಬೇಗ ಆರಲಿ ಅಂತ ಸುತ್ತ ಏಣು ಕೊಟ್ಟಿದ್ದಾರೆ.

ಹಿಂದೆ ಕೂರೋರ ಕತೆ ಬೇರೆ. ಮುಂದಿನ ಸೀಟು ಮಡಚಿ, ತಲೆ ಬಗ್ಗಿಸಿ, ಪಕ್ಕಕ್ಕೆ ತಿರುಗಿ ನುಸುಳಬೇಕು. ನುಸುಳಿ ಕೂತ ಮೇಲೆ ಸೀಟು ಚೆನ್ನಾಗಿದೆ, ಸುಳ್ಳು ಹೇಳೋದಿಲ್ಲ. ಆದರೆ ಚಾವಣಿಯ ಆ ಚೂಪು ಅಂಚಿಗೋಸ್ಕರ ತಲೆ ಹತ್ತಿರದ ಜಾಗ ಕೊಟ್ಟುಬಿಟ್ಟಿದ್ದಾರೆ. ಭಾವ ಆರಡಿ ಆಳು, ಕತ್ತು ಬಾಗಿಸಿಯೇ ಕೂತರು. ಅಮ್ಮನನ್ನು ಮುಂದೆ ಕೂರಿಸಿದೆವು. ಸೀಟು ನೆಲಕ್ಕೆ ತೀರಾ ಹತ್ತಿರ. ಕೂರೋದು ಹೇಗೋ ಆಯಿತು. ಇಳಿಯೋವಾಗ ನಾನು ಎರಡೂ ಕೈ ಹಿಡಿದು ಎಬ್ಬಿಸಬೇಕಾಯಿತು. ನೆರಿಗೆ ಬಾಗಿಲ ಅಂಚಿಗೆ ಸಿಕ್ಕಿಕೊಂಡಿತು. ಹತ್ತು ವರ್ಷ ನಾನು ಈ ಕಾರಿನ ಪರ ವಾದ ಮಾಡಿದ್ದೇನೆ. ಆ ಕ್ಷಣ ನನಗೆ ನಿಜವಾಗಿಯೂ ಬೇಜಾರಾಯಿತು.

ಕೊನೆಗೆ ಲಿಂಕನ್. ಕಪ್ಪು ಬಣ್ಣ, ಐದೂವರೆ ಮೀಟರ್. ದೂರದಿಂದ ನೋಡಿದರೆ ಸುಮ್ನೆ ಒಂದು ಉದ್ದ ಪೆಟ್ಟಿಗೆ. ಫಿನ್ ಇಲ್ಲ, ಉಬ್ಬು ಇಲ್ಲ. ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ ಮೇಲಂಚಿನಲ್ಲಿ ಒಂದು ಕ್ರೋಮ್ ಪಟ್ಟಿ, ಅಷ್ಟೇ. ಹತ್ತಿರ ಹೋದಷ್ಟೂ ಇಷ್ಟವಾಗುತ್ತದೆ. ಎಲ್ಲೂ ಬೇಡದ್ದು ಅಂತ ಒಂದು ಗೆರೆ ಇಲ್ಲ. ಲಿಂಕನ್ ಫೋರ್ಡ್ ಕಂಪನಿಯದೇ. ಅಲ್ಲಿನ ಡಿಸೈನರ್ ಎಲ್‌ವುಡ್ ಎಂಗೆಲ್ ಇದನ್ನು ಮೊದಲು ಬರೆದದ್ದು ಫೋರ್ಡ್ ಥಂಡರ್‌ಬರ್ಡ್ ಕಾರಿಗೆ ಅಂತ. ಕಂಪನಿಯ ಹಿರಿಯ ಅಧಿಕಾರಿ ರಾಬರ್ಟ್ ಮೆಕ್‌ನಮಾರ ನೋಡಿ, ಇದಕ್ಕೆ ನಾಲ್ಕು ಬಾಗಿಲು ಇಟ್ಟು ಲಿಂಕನ್ ಮಾಡಿ ಅಂದರು. 1961ರಲ್ಲಿ ಹೊರಬಂತು. ಹಿಂದಿನ ವರ್ಷದ ಲಿಂಕನ್‌ಗಿಂತ ಉದ್ದದಲ್ಲಿ ಒಂದಡಿಗೂ ಹೆಚ್ಚು ಕಡಿಮೆಯಾಗಿತ್ತು.

ಇದರ ಹಿಂದಿನ ಬಾಗಿಲು ಉಲ್ಟಾ ತೆರೆಯುತ್ತದೆ. ಹಿಂಜ್ ಇರೋದು ಹಿಂಭಾಗಕ್ಕೆ. ಮುಂದಿನ ಹಿಡಿ, ಹಿಂದಿನ ಹಿಡಿ ಅಕ್ಕಪಕ್ಕ. ಸುಮ್ನೆ ಶೋಕಿಗೆ ಮಾಡಿದ್ದು ಅಂತ ಅಂದುಕೊಂಡಿದ್ದೆ. ಹಾಗಲ್ಲ. ಮಾದರಿ ಮಾಡಿ ನೋಡಿದಾಗ, ಮಾಮೂಲಿ ಬಾಗಿಲಿಟ್ಟರೆ ಹಿಂದಿನಿಂದ ಇಳಿಯೋರ ಕಾಲು ಬಾಗಿಲಿಗೆ ತಾಗುತ್ತಿತ್ತು. ಅದಕ್ಕೇ ತಿರುಗಿಸಿದರು. 1964ರಲ್ಲಿ ಚಕ್ರಗಳ ನಡುವೆ ಇನ್ನೂ 3 ಇಂಚು ಸೇರಿಸಿದರು. ಅದೂ ಹಿಂದೆ ಕೂರೋರಿಗೋಸ್ಕರವೇ. ಲಿಂಕನ್ ಬೇಕು ಅನ್ನೋರು 1961ಕ್ಕಿಂತ 1964ನ್ನೇ ಹುಡುಕಿ ಅಂತ ನಾನು ಹೇಳೋದು ಅದಕ್ಕೆ.

ಅಮ್ಮ ಹತ್ತಿದ್ದನ್ನು ಸರಿಯಾಗಿ ಹೇಳಬೇಕು. ಬಾಗಿಲು ಪೂರ್ತಿ ತೆರೆದು ಯಜಮಾನರು ಪಕ್ಕಕ್ಕೆ ನಿಂತರು. ಅಮ್ಮ ಕಾರಿಗೆ ಬೆನ್ನು ಮಾಡಿ ನಿಂತು, ಮನೆಯ ಜಗಲಿ ಮೇಲೆ ಕೂರೋ ಹಾಗೆ ಸೀಟಿನ ಮೇಲೆ ಕೂತರು. ಎಡಗೈಯಲ್ಲಿ ನೆರಿಗೆ ಹಿಡಿದುಕೊಂಡು ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಂದರು. ಯಾರ ಕೈಯನ್ನೂ ಹಿಡಿಯಲಿಲ್ಲ. "ಹಾಂ, ಇದು ಸರಿ" ಅಂದರು.

ಸೀಟು ಕ್ಯಾಡಿಲಾಕ್‌ನಷ್ಟು ಮೆತ್ತಗಿಲ್ಲ, ಗಟ್ಟಿಯಾಗಿದೆ, ತೊಡೆಗೂ ಸೊಂಟಕ್ಕೂ ಆಸರೆ ಇದೆ. ಬಾಗಿಲು ಮುಚ್ಚಿದಾಗ ಬರೋದು ಕಬ್ಬಿಣದ ಸದ್ದಲ್ಲ, ಹಳೇ ಮನೆಯ ತೇಗದ ಬಾಗಿಲಿನ ಸದ್ದು. ಕ್ಯಾಡಿಲಾಕ್‌ನಲ್ಲಿ ಫ್ರೇಮ್ ಬೇರೆ, ಬಾಡಿ ಬೇರೆ. ಲಿಂಕನ್‌ನಲ್ಲಿ ಎರಡೂ ಒಂದೇ, ಸೇರಿಸಿ ಬೆಸುಗೆ ಹಾಕಿದ್ದು. ತೂಕ 2,300 ಕಿಲೋ ಹತ್ತಿರ. ಅದಕ್ಕೇ ಗುಂಡಿಯಲ್ಲೂ ಕಟಕಟ ಅನ್ನಲಿಲ್ಲ, ತೂಗಾಟವೂ ಕಡಿಮೆ. ನಾವು ಹಿಂದೆ ಕೂತು ದನಿ ಏರಿಸದೆ ಮಾತಾಡಿದೆವು. ಸ್ವಲ್ಪ ಹೊತ್ತಿಗೆ ಅಮ್ಮ ನಿದ್ದೆ ಹೋದರು.

ಕೊರತೆ ಇಲ್ಲ ಅಂತಲ್ಲ. 7 ಲೀಟರ್ ಎಂಜಿನ್, ಪೆಟ್ರೋಲ್ ನೀರಿನ ಥರ ಕುಡಿಯುತ್ತದೆ. ತಿರುಗಿಸೋಕೆ ಮೈದಾನ ಬೇಕು. ಮುಂದಿನ ಡಿಸ್ಕ್ ಬ್ರೇಕ್ ಬಂದದ್ದು 1965ಕ್ಕೆ, ಇದರಲ್ಲಿ ನಾಲ್ಕೂ ಡ್ರಮ್ಮೇ. ಮೂರೂ ಕಾರಿನಲ್ಲಿ ಇವತ್ತಿನ ಸೀಟ್‌ಬೆಲ್ಟ್ ಇಲ್ಲ. ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗೋ ಕಾರುಗಳಲ್ಲ ಇವು.

ಕ್ಯಾಡಿಲಾಕ್ ಯಜಮಾನರ ಗ್ಯಾರೇಜಿನಲ್ಲಿ 1957ರ ಶೆವ್ರೊಲೆ ಬೆಲ್ ಏರ್ ಕೂಡ ಇತ್ತು. ಹತ್ತು ನಿಮಿಷ ಕೂತೆವು. ನೆಟ್ಟಗೆ, ಸ್ವಲ್ಪ ಎತ್ತರಕ್ಕೆ ಕೂರಿಸುತ್ತದೆ, ಹತ್ತಿ ಇಳಿಯೋದು ಸುಲಭ. ಪೆಟ್ರೋಲ್ ಮುಚ್ಚಳ ಎಡಗಡೆ ಫಿನ್‌ನ ಕ್ರೋಮ್ ಪಟ್ಟಿ ಹಿಂದೆ ಬಚ್ಚಿಟ್ಟಿದ್ದಾರೆ. ಹುಡುಕೋಕೆ ನಮಗೆ ಎರಡು ನಿಮಿಷ ಹಿಡಿಯಿತು. ಓಡಿಸಿ ನೋಡದೆ ಅದನ್ನು ಈ ಮೂರರ ಜೊತೆ ತೂಗೋದು ಸರಿಯಲ್ಲ.

ಹಾಗಾದರೆ ಯಾವುದು? ನಿಂತು ನೋಡೋಕೆ ಕ್ಯಾಡಿಲಾಕ್, ಅದರಲ್ಲಿ ಭಾವನ ಮಾತು ಒಪ್ಪಿದ್ದೇನೆ. ಒಬ್ಬನೇ ಸ್ಟೀರಿಂಗ್ ಹಿಡಿದು ಹೋಗೋಕೆ ಇವತ್ತಿಗೂ ರಿವಿಯೆರಾ. ಮನೆಯವರನ್ನೆಲ್ಲ ಕರೆದುಕೊಂಡು ಹೋಗೋಕೆ ಲಿಂಕನ್. ಒಂದನ್ನೇ ಇಟ್ಟುಕೋ ಅಂದರೆ ನಾನು ಲಿಂಕನ್ ಇಟ್ಟುಕೊಳ್ಳುತ್ತೇನೆ. ಬೇರೆ ಎರಡರಲ್ಲಿ ಮೊದಲು ಗೆರೆ ಬರೆದು ಆಮೇಲೆ ಮನುಷ್ಯರನ್ನು ಕೂರಿಸಿದ್ದಾರೆ. ಇದರಲ್ಲಿ ಮನುಷ್ಯ ಕೂರೋಕೆ ತೊಂದರೆ ಅಂತ ಗೊತ್ತಾದಾಗ ಬಾಗಿಲನ್ನೇ ತಿರುಗಿಸಿದ್ದಾರೆ, ಉದ್ದ ಬೆಳೆಸಿದ್ದಾರೆ, ಆದರೂ ಚೆಂದ ಕೆಟ್ಟಿಲ್ಲ.

ಭಾವ ಒಪ್ಪಿಲ್ಲ. ಮಂಡಿಗೆ ತಾಗೋದು ಒಂದು ಕ್ಷಣ, ಆ ಫಿನ್ ನೋಡೋ ಖುಷಿ ದಿನವಿಡೀ ಅನ್ನುತ್ತಾರೆ. ಮುಂದಿನ ಬೇಸಿಗೆಗೆ 1961ರ ಇಂಪೀರಿಯಲ್ ಕಾರು ಇರೋರೊಬ್ಬರನ್ನು ಮಾತಾಡಿಸಿ ಇಟ್ಟಿದ್ದಾರೆ. ಅದರ ಮುಂದಿನ ದೀಪಗಳು ಹಳೇ ಕಾಲದ ಕಾರಿನ ಥರ ಬಿಡಿಬಿಡಿಯಾಗಿ ನಿಂತಿರುತ್ತವೆ. ಸೀಟು ಹೇಗಿದೆ ಅಂತ ಕೂತು ನೋಡಬೇಕು.