ಪೈಎನ್ವಿ ಜೊತೆ ಮೂರು ಮಳೆಗಾಲ: ಕೊನೆಯ ಸಾಲು ಮಾತ್ರ ಓದಬೇಡಿ

ಪೈಎನ್ವಿ ಅಂದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬೇರೆಬೇರೆ ವರ್ಷನ್‌ಗಳನ್ನು ಒಂದೇ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವ ಟೂಲ್. ಅದಕ್ಕೆ ನನ್ನಿಂದ ಐದರಲ್ಲಿ ನಾಲ್ಕು ಸ್ಟಾರ್. ಒಂದನ್ನು ಯಾಕೆ ಕಟ್ ಮಾಡಿದೆ ಅಂತ ಮುಂದೆ ಹೇಳುತ್ತೇನೆ.

ನಾನಿರುವುದು ಉಡುಪಿಯ ಕುಂಜಿಬೆಟ್ಟಿನಲ್ಲಿ. ಸಣ್ಣಪುಟ್ಟ ವ್ಯಾಪಾರದವರಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಡುವುದು ಕೆಲಸ. ಕಂಪ್ಯೂಟರ್ ಹಳೆಯದು: ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ಆಗ ಇದ್ದ ಆಪರೇಟಿಂಗ್ ಸಿಸ್ಟಮ್ ಉಬುಂಟು 20.04. ಅದರಲ್ಲಿ ಬರುವ ಪೈಥಾನ್ 3.8. ನನಗೆ 3.11 ಬೇಕಿತ್ತು. ಉಬುಂಟುವಿನದಲ್ಲದ ಹೊರಗಿನ ರೆಪೊಸಿಟರಿಯಿಂದ (ಪ್ರೋಗ್ರಾಂಗಳ ಸಂಗ್ರಹ) ತಂದು, ಸಿಸ್ಟಮ್‌ನ ಪೈಥಾನ್3 ಲಿಂಕನ್ನೇ ಅದಕ್ಕೆ ತಿರುಗಿಸಿಬಿಟ್ಟೆ. ಮರುದಿನ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ಒತ್ತಿದರೆ ತೆರೆಯುವುದೇ ಇಲ್ಲ. ಎರರ್ ಕೂಡ ಇಲ್ಲ, ಸುಮ್ನೆ ಕೂತಿದೆ. ಉಬುಂಟುವಿನ ಗ್ನೋಮ್ ಟರ್ಮಿನಲ್ ಶುರುವಾಗುವುದೇ ಒಂದು ಪೈಥಾನ್ ಸ್ಕ್ರಿಪ್ಟ್‌ನಿಂದ ಅಂತ ನನಗೆ ಗೊತ್ತಾದದ್ದು ಆವತ್ತು. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಕಪ್ಪು ಪರದೆಗೆ ಹೋಗಿ ಲಿಂಕ್ ವಾಪಸ್ ಹಾಕಿದೆ. ತಪ್ಪು ಪೂರ್ತಿ ನನ್ನದೇ.

ಪೈಎನ್ವಿ ಹಾಕಿದ್ದು ಅದಾದ ಮೇಲೆ, 2022ರ ಡಿಸೆಂಬರಿನಲ್ಲಿ. ಇದು ಸಿಸ್ಟಮ್‌ನ ಪೈಥಾನ್ ಮುಟ್ಟುವುದಿಲ್ಲ. ನಮಗೆ ಬೇಕಾದ ವರ್ಷನ್‌ನ ಸೋರ್ಸ್ ಕೋಡ್ ಇಳಿಸಿ, ನಮ್ಮ ಮಷಿನ್‌ನಲ್ಲೇ ಬಿಲ್ಡ್ ಮಾಡಿ (ಕೋಡಿನಿಂದ ಓಡುವ ಪ್ರೋಗ್ರಾಂ ಕಟ್ಟಿ), ಹೋಮ್ ಫೋಲ್ಡರಿನ ಒಳಗೆ ಬೇರೆಯೇ ಇಡುತ್ತದೆ. ಪೈಥಾನ್ ಅಂತ ಟೈಪ್ ಮಾಡಿದರೆ ಮೊದಲು ಸಿಗುವುದು ಶಿಮ್ ಎಂಬ ಚಿಕ್ಕ ಸ್ಕ್ರಿಪ್ಟ್. ಈ ಫೋಲ್ಡರಿಗೆ ಯಾವ ವರ್ಷನ್ ಎಂದು ನೋಡಿ ಅದು ಅಲ್ಲಿಗೆ ಕಳಿಸುತ್ತದೆ. ಮೂರು ವರ್ಷದಲ್ಲಿ ಈ ಭಾಗ ಒಮ್ಮೆಯೂ ಕೈಕೊಟ್ಟಿಲ್ಲ.

ತಲೆನೋವು ಇರುವುದು ಬಿಲ್ಡ್‌ನಲ್ಲಿ. ಕೋಡನ್ನು ಪ್ರೋಗ್ರಾಂ ಮಾಡುವ ಕಂಪೈಲರ್ ಇದ್ದರೆ ಸಾಲದು. ಓಪನ್‌ಎಸ್‌ಎಸ್‌ಎಲ್, ಜೆಡ್‌ಲಿಬ್, ಬಿಝಿಪ್2, ರೀಡ್‌ಲೈನ್, ಎಸ್‌ಕ್ಯೂಲೈಟ್, ಲಿಬ್‌ಎಫ್‌ಎಫ್‌ಐ, ಎಲ್‌ಝಡ್‌ಎಮ್‌ಎ, ಟಿಕೆ, ಈ ಎಲ್ಲ ಲೈಬ್ರರಿಗಳ ಡೆವ್ ಪ್ಯಾಕೇಜ್ (ಬಿಲ್ಡ್‌ಗೆ ಬೇಕಾಗುವ ಫೈಲುಗಳು) ಮೊದಲೇ ಇರಬೇಕು. ಎಸ್‌ಎಸ್‌ಎಲ್ ಸಿಗದಿದ್ದರೆ ಎರರ್ ಕೊಟ್ಟು ನಿಲ್ಲುತ್ತದೆ. ಅದು ಒಳ್ಳೆಯದೇ. ಆದರೆ ಡೇಟಾಬೇಸ್‌ನ ಎಸ್‌ಕ್ಯೂಲೈಟ್ ಸಿಗದಿದ್ದರೆ ಒಂದು ವಾರ್ನಿಂಗ್ ಸಾಲು ಹಾಕಿ ಮುಂದೆ ಹೋಗುತ್ತದೆ, ಕೊನೆಯಲ್ಲಿ ಇನ್‌ಸ್ಟಾಲ್ ಆಯಿತು ಎಂದೇ ಬರೆಯುತ್ತದೆ. ನಾನು ನೋಡಿದ್ದು ಆ ಕೊನೆಯ ಸಾಲು ಮಾತ್ರ.

ಎರಡು ವಾರ ಎಲ್ಲ ಸರಿ ಇತ್ತು. ಆಮೇಲೆ ಒಂದು ಗೇರುಬೀಜ ಕಾರ್ಖಾನೆಯ ತೂಕದ ಲೆಕ್ಕದ ಪ್ರೋಗ್ರಾಂ ಅದರಲ್ಲಿ ಓಡಿಸಿದೆ. ಅದರ ಡೇಟಾ ಎಲ್ಲ ಇರುವುದು ಎಸ್‌ಕ್ಯೂಲೈಟ್ ಫೈಲಿನಲ್ಲಿ. ಆ ಮಾಡ್ಯೂಲೇ ಇಲ್ಲ ಎಂದಿತು. ಡೆವ್ ಪ್ಯಾಕೇಜ್ ಹಾಕಿದೆ. ಮತ್ತೂ ಇಲ್ಲ. ಪೈಥಾನಿಗೆ ಬೇಕಾದ ಪ್ಯಾಕೇಜ್ ಇಳಿಸುವ ಪಿಪ್‌ನಿಂದ ತರಲು ನೋಡಿದೆ, ಅಲ್ಲಿ ಸಿಗುವ ಸಾಮಾನೇ ಅಲ್ಲ ಅದು. ರಾತ್ರಿ ಹನ್ನೊಂದೂವರೆಗೆ ತಲೆಗೆ ಹೊಳೆಯಿತು: ಈ ಮಾಡ್ಯೂಲ್ ಬಿಲ್ಡ್ ಆಗುವಾಗಲೇ ಒಳಗೆ ಸೇರಬೇಕು. ಲೈಬ್ರರಿ ಆಮೇಲೆ ತಂದರೆ ಪೈಥಾನನ್ನೇ ಮತ್ತೊಮ್ಮೆ ಕಟ್ಟಬೇಕು. ಸಾರು ಕುದಿದು ಇಳಿಸಿದ ಮೇಲೆ ಬೇಳೆ ಹಾಕಿದ ಹಾಗೆ ಆಗಿತ್ತು ನನ್ನ ಕಥೆ. ನಾನು ಕಟ್ ಮಾಡಿದ ಸ್ಟಾರ್ ಇದಕ್ಕೆ. ವಾರ್ನಿಂಗನ್ನು ಕೊನೆಯಲ್ಲಿ ಇನ್ನೊಮ್ಮೆ ಒಟ್ಟಿಗೆ ತೋರಿಸಿದ್ದರೆ ಸಾಕಿತ್ತು, ಅಲ್ವಾ?

ಈಗ ಬಿಲ್ಡ್ ಮುಗಿದ ಕೂಡಲೇ ಎಸ್‌ಎಸ್‌ಎಲ್, ಎಸ್‌ಕ್ಯೂಲೈಟ್3, ಸಿಟೈಪ್ಸ್, ಎಲ್‌ಝಡ್‌ಎಮ್‌ಎ, ಟಿಕಿಂಟರ್ ಐದನ್ನೂ ಒಂದೇ ಸಾಲಿನಲ್ಲಿ ಇಂಪೋರ್ಟ್ ಮಾಡಿ ನೋಡುತ್ತೇನೆ. ಬಿಲ್ಡ್ ನಡುವೆ ನಿಂತರೆ ಟೆಂಪ್ ಫೋಲ್ಡರಿನಲ್ಲಿ ಲಾಗ್ ಫೈಲ್ ಇರುತ್ತದೆ. ಅದರ ಕೊನೆಯ ಹತ್ತು ಸಾಲು ನೋಡಿ ಸುಸ್ತಾಗಬೇಡಿ. ಮೊದಲ ಎರರ್ ಎಲ್ಲಿದೆ ಅಂತ ಹುಡುಕಿ. ಉಳಿದದ್ದು ಅದರ ಬಾಲ.

ಮಳೆಗಾಲದ ಮಾತು ಬೇರೆಯೇ ಉಂಟು. ಸಾದಾ ಬಿಲ್ಡ್‌ಗೆ ನನ್ನ ಮಷಿನ್‌ನಲ್ಲಿ ಹತ್ತು ಹನ್ನೆರಡು ನಿಮಿಷ. ಆಪ್ಟಿಮೈಸೇಶನ್ ಆಯ್ಕೆ ಹಾಕಿದರೆ ಮುಕ್ಕಾಲು ಗಂಟೆ, ಯಾಕೆಂದರೆ ಒಮ್ಮೆ ಕಟ್ಟಿ, ಓಡಿಸಿ ಅಳೆದು, ಮತ್ತೆ ಕಟ್ಟುತ್ತದೆ. ಜುಲೈಯಲ್ಲಿ ಹೀಗೆ ಹಾಕಿ ಊಟಕ್ಕೆ ಕೂತಿದ್ದೆ, ಒಂದು ಗುಡುಗು, ಕರೆಂಟ್ ಹೋಯಿತು. ಯುಪಿಎಸ್ ಇಲ್ಲ. ಟೆಂಪ್ ಫೋಲ್ಡರ್ ರೀಬೂಟ್‌ಗೆ ಖಾಲಿ, ಡೌನ್‌ಲೋಡ್ ಸಮೇತ ಮೊದಲಿಂದ. ಪೈಎನ್ವಿ ಫೋಲ್ಡರಿನ ಒಳಗೆ ಕ್ಯಾಶ್ ಎಂಬ ಹೆಸರಿನ ಫೋಲ್ಡರ್ ನಾವೇ ಮಾಡಿಟ್ಟರೆ ಇಳಿಸಿದ ಸೋರ್ಸ್ ಅಲ್ಲಿ ಉಳಿಯುತ್ತದೆ. ಮಳೆಗೆ ನೆಟ್ ಕೂಡ ಹೋಗುವ ನಮ್ಮ ಕಡೆ ಇದು ದೊಡ್ಡ ಉಪಕಾರ.

2023ರಲ್ಲಿ ಉಬುಂಟುವನ್ನು 22.04ಕ್ಕೆ ಏರಿಸಿದಾಗ ಇನ್ನೊಂದು ಪೆಟ್ಟು. ಪಿಪ್ ಯಾವುದನ್ನೂ ಇಳಿಸುತ್ತಿಲ್ಲ. ಮೊದಲೇ ಬಿಲ್ಡ್ ಮಾಡಿಟ್ಟಿದ್ದ ಪೈಥಾನ್, ನೆಟ್‌ನಿಂದ ಸುರಕ್ಷಿತವಾಗಿ ಇಳಿಸಲು ಬೇಕಾದ ಓಪನ್‌ಎಸ್‌ಎಸ್‌ಎಲ್‌ನ 1.1 ವರ್ಷನ್ ಹುಡುಕುತ್ತಿತ್ತು, 22.04ರಲ್ಲಿ ಇರುವುದು 3.0. ಪೈಎನ್ವಿಯ ತಪ್ಪಲ್ಲ ಇದು. ಮತ್ತೆ ಬಿಲ್ಡ್ ಮಾಡಿದೆ, ಸರಿಯಾಯಿತು. ಹೊಸ ಪೈಥಾನ್ ವರ್ಷನ್ ಪಟ್ಟಿಯಲ್ಲಿ ಕಾಣದಿದ್ದರೆ ಮೊದಲು ಪೈಎನ್ವಿಯನ್ನೇ ಅಪ್‌ಡೇಟ್ ಮಾಡಿ, ಅಷ್ಟೇ.

ಮಣಿಪಾಲದಲ್ಲಿ ಓದುವ ತಮ್ಮನ ಮಗನಿಗೆ ಇದನ್ನೇ ಹಾಕು ಎಂದೆ. ಅವನದು ವಿಂಡೋಸ್. ಪೈಎನ್ವಿ ಅಲ್ಲಿ ನೇರ ನಡೆಯುವುದಿಲ್ಲ, ಪೈಎನ್ವಿ-ವಿನ್ ಅಂತ ಬೇರೆಯೇ ಉಂಟು. ಅವನು 2024ರಲ್ಲಿ ಬಂದ ಯುವಿ ಎಂಬ ಇನ್ನೊಂದು ಟೂಲ್ ಹಾಕಿಕೊಂಡ. ಅದು ಬಿಲ್ಡ್ ಆಗಿರುವ ಪೈಥಾನನ್ನೇ ಇಳಿಸುತ್ತದೆ. ನನ್ನ ಎದುರಿಗೇ ಅರ್ಧ ನಿಮಿಷದಲ್ಲಿ ಮುಗಿಸಿ, "ದೊಡ್ಡಪ್ಪ, ಮಿಲ್ಲಿನ ಅಕ್ಕಿ ಅಂಗಡಿಯಲ್ಲಿ ಸಿಗುವಾಗ ನೀವು ಇನ್ನೂ ಮನೆಯಲ್ಲಿ ಭತ್ತ ಕುಟ್ಟುವುದಾ?" ಎಂದ.

ಅವನು ಹೇಳಿದ್ದು ಸರಿಯೇ. ಇವತ್ತು ಹೊಸದಾಗಿ ಶುರು ಮಾಡುವವರು ಅದನ್ನೇ ಮೊದಲು ನೋಡಿ. ಆದರೆ ನನ್ನ ಹತ್ತಿರ ಕಾರ್ಖಾನೆಯ 3.8, ಅಂಗಡಿಗಳ 3.11, ನನ್ನ ಸ್ವಂತದ 3.12 ಮೂರೂ ಪೈಎನ್ವಿಯಲ್ಲೇ ಜಗಳವಿಲ್ಲದೆ ಇವೆ. ಡೆವ್ ಪ್ಯಾಕೇಜ್‌ಗಳ ಪಟ್ಟಿ ಬರೆದು ಸಿಪಿಯು ಡಬ್ಬಿಗೆ ಅಂಟಿಸಿದ್ದೇನೆ. 24.04ಕ್ಕೆ ಏರಿಸುವುದು ಬಾಕಿ ಉಂಟು. ಅದು ಮಳೆ ಬಿಟ್ಟ ಮೇಲೆ.