ಸಂಗೀತ ನಿರ್ಮಾಣಕ್ಕೆ ಎಂ4 ಪ್ರೊ ಮ್ಯಾಕ್‌ಬುಕ್: ಯಾವುದಕ್ಕೆ ಹಣ ಕೊಡಬೇಕು

2024ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂದ 14 ಇಂಚಿನ ಮ್ಯಾಕ್‌ಬುಕ್ ಪ್ರೊದ ಎಂ4 ಪ್ರೊ (ಆಪಲ್‌ನ ಪ್ರೊಸೆಸರ್ ಚಿಪ್) ಮಾದರಿಯನ್ನು ಕೊಳ್ಳಲು ಹೋದರೆ ಅಂಗಡಿಯಲ್ಲಿ ಮೊದಲು ಎದುರಾಗುವ ಪ್ರಶ್ನೆ ಕೋರ್‌ಗಳದ್ದು, ಅಂದರೆ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳದ್ದು: 12 ಸಾಕೇ, 14 ಬೇಕೇ? ಧ್ವನಿಮುದ್ರಣ ಮತ್ತು ಮಿಕ್ಸಿಂಗ್‌ಗೆ 12 ಧಾರಾಳವಾಗಿ ಸಾಕು. ಒಂದು ಟ್ರ್ಯಾಕಿನ ಮೇಲೆ ಹಾಕಿದ ಈಕ್ಯೂ, ಕಂಪ್ರೆಸರ್, ರಿವರ್ಬ್‌ನಂಥ ಧ್ವನಿ ತಿದ್ದುವ ಎಫೆಕ್ಟ್‌ಗಳಲ್ಲಿ ಒಂದರ ಫಲಿತವೇ ಮುಂದಿನದಕ್ಕೆ ಆಹಾರವಾಗುವುದರಿಂದ ಆ ಸರಪಳಿಯೆಲ್ಲ ಸಾಮಾನ್ಯವಾಗಿ ಒಂದೇ ಕೋರಿನ ಪಾಲಿಗೆ ಬರುತ್ತದೆ. ಹಾಡುತ್ತಿರುವಾಗಲೇ ಆ ಕೋರಿಗೆ ಕೆಲಸ ಮೀರಿ ಹೆಡ್‌ಫೋನಿನಲ್ಲಿ ಚಟಪಟ ಸದ್ದು ಕೇಳಿಸತೊಡಗಿದರೆ ಉಳಿದ ಕೋರ್‌ಗಳು ಎಷ್ಟಿದ್ದರೂ ನೆರವಿಗೆ ಬರುವುದಿಲ್ಲ.

ಹಣ ಹಾಕಬೇಕಾದದ್ದು ಮೆಮೊರಿಗೆ, ಏಕೆಂದರೆ ಅದನ್ನು ಆಮೇಲೆ ಸೇರಿಸಲು ಅವಕಾಶವೇ ಇಲ್ಲ. ಗಾಯನ, ವೀಣೆ, ಮೃದಂಗ, ಜೊತೆಗೆ ಒಂದೆರಡು ಸಿಂತ್‌ಗಳ (ಎಲೆಕ್ಟ್ರಾನಿಕ್ ವಾದ್ಯಗಳ) ಕೆಲಸಕ್ಕೆ ಆರಂಭಿಕ ಮಾದರಿಯ 24 ಜಿಬಿ ಸಾಕಾಗುತ್ತದೆ. ಸಿನಿಮಾ ಹಿನ್ನೆಲೆ ಸಂಗೀತಕ್ಕೆಂದು ಆರ್ಕೆಸ್ಟ್ರಾದ ಸ್ಯಾಂಪಲ್ ಲೈಬ್ರರಿಗಳನ್ನು (ನಿಜವಾದ ವಾದ್ಯಗಳ ಮುದ್ರಿತ ಸ್ವರಗಳ ಸಂಗ್ರಹಗಳನ್ನು) ತುಂಬಿಕೊಳ್ಳುವವರು ಮಾತ್ರ 48 ಜಿಬಿಗೆ ಹೋಗಬೇಕು. ಒಳಗಿನ 512 ಜಿಬಿ ಸಂಗ್ರಹ ಬೇಗ ತುಂಬಿದರೂ ಅದಕ್ಕೆ ಉಪಾಯವಿದೆ: ಎಪಿಎಫ್ಎಸ್‌ಗೆ (ಮ್ಯಾಕ್‌ನ ಫೈಲ್ ವ್ಯವಸ್ಥೆಗೆ) ಫಾರ್ಮ್ಯಾಟ್ ಮಾಡಿದ ಹೊರಗಿನ ಎಸ್ಎಸ್‌ಡಿಯಲ್ಲಿ ಲೈಬ್ರರಿಗಳನ್ನಿಟ್ಟರೆ ಖರ್ಚೂ ಕಡಿಮೆ, ಕೆಲಸಕ್ಕೂ ಅಡ್ಡಿಯಿಲ್ಲ.

ಮ್ಯಾಕ್‌ನಲ್ಲಿ ಧ್ವನಿಯನ್ನು ನಿರ್ವಹಿಸುವ ಕೋರ್ ಆಡಿಯೊ ವ್ಯವಸ್ಥೆ ಅಂತರ್ಗತವಾಗಿರುವುದರಿಂದ ಮೈಕ್, ವಾದ್ಯಗಳನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್‌ಗಳಲ್ಲಿ ಬಹಳಷ್ಟು ಬೇರೆ ಡ್ರೈವರ್ ಕೇಳುವುದಿಲ್ಲ. ವಿಂಡೋಸಿನಲ್ಲಿ ಧ್ವನಿಯ ವಿಳಂಬ ತಗ್ಗಿಸುವ ಎಎಸ್ಐಒ ಡ್ರೈವರಿನ ಗುಣಮಟ್ಟವನ್ನು ನೆಚ್ಚಿಕೊಂಡವರಿಗೆ ಇದು ದೊಡ್ಡ ನೆಮ್ಮದಿ. ಆಪಲ್‌ನ ಸಂಗೀತ ತಂತ್ರಾಂಶವಾದ ಲಾಜಿಕ್ ಪ್ರೊದಲ್ಲಿ ಮುದ್ರಣದ ವೇಳೆ ಬಫರನ್ನು (ಒಮ್ಮೆಗೆ ಸಂಸ್ಕರಿಸುವ ಧ್ವನಿಯ ತುಣುಕಿನ ಗಾತ್ರವನ್ನು) 128 ಸ್ಯಾಂಪಲ್ಲಿಗೆ ಇಳಿಸಬೇಕು. 48 ಕಿಲೋಹರ್ಟ್ಸ್‌ನಲ್ಲಿ ಅದು ಒಂದು ದಿಕ್ಕಿಗೆ ಸುಮಾರು 2.7 ಮಿಲಿಸೆಕೆಂಡುಗಳ ವಿಳಂಬವಾದ್ದರಿಂದ ತಾಳ ತಪ್ಪುವ ಭಯವಿಲ್ಲ. ಮಿಕ್ಸಿಂಗ್ ವೇಳೆ 1024ಕ್ಕೆ ಏರಿಸಿದರೆ ವಿಳಂಬ ಸುಮಾರು 21 ಮಿಲಿಸೆಕೆಂಡಿಗೆ ಹೋಗುತ್ತದೆ, ಆದರೆ ಆಗ ಯಾರೂ ಹಾಡುತ್ತಿರುವುದಿಲ್ಲ, ಪ್ರೊಸೆಸರಿಗೂ ಉಸಿರಾಡಲು ಬಿಡುವು ಸಿಗುತ್ತದೆ. ಪ್ರಾಜೆಕ್ಟ್ ಫೋಲ್ಡರನ್ನು ಐಕ್ಲೌಡ್ ಸಿಂಕ್‌ನಿಂದ ಹೊರಗಿಡುವುದು, ಲೋ ಪವರ್ ಮೋಡ್ ಆಫ್ ಮಾಡುವುದು, ಕೈಯಲ್ಲಿರುವ ಕೆಲಸ ಮುಗಿಯುವವರೆಗೆ ಮ್ಯಾಕ್ಒಎಸ್ ಅಪ್‌ಡೇಟನ್ನು ಮುಂದೂಡುವುದು, ಇಷ್ಟನ್ನು ಮೊದಲ ದಿನವೇ ಮಾಡಿಟ್ಟುಕೊಳ್ಳಬೇಕು. ಮ್ಯಾಕ್‌ಗಳಲ್ಲಿ ಇಂಟೆಲ್ ಚಿಪ್ ಇದ್ದ ಕಾಲದ ಹಳೆಯ ಪ್ಲಗಿನ್‌ಗಳು (ಸಂಗೀತ ತಂತ್ರಾಂಶಕ್ಕೆ ಸೇರಿಸುವ ಎಫೆಕ್ಟ್, ವಾದ್ಯಗಳು) ಆಪಲ್‌ನ ಅನುವಾದಕ ತಂತ್ರಾಂಶ ರೊಸೆಟ್ಟಾ ಮೂಲಕ ನಡೆಯುತ್ತವೆಯಾದರೂ ಅವುಗಳ ಹೊಸ ಆವೃತ್ತಿ ಇದ್ದರೆ ಅದನ್ನೇ ಹಾಕುವುದು ಒಳ್ಳೆಯದು.

ಮೈಕ್ ಇರುವ ಕೋಣೆಯಲ್ಲೇ ಲ್ಯಾಪ್‌ಟಾಪ್ ಇಡುವ ಮನೆ ಸ್ಟುಡಿಯೊಗಳಿಗೆ ಇದರ ಮೌನ ಬಹಳ ಮುಖ್ಯ. ಸಾಧಾರಣ ಮುದ್ರಣದ ವೇಳೆ ಫ್ಯಾನಿನ ಸದ್ದು ಮೈಕಿಗೆ ಸಿಗುವಷ್ಟು ಏಳುವುದಿಲ್ಲ. ಚಾರ್ಜರ್ ಹಾಕಿದಾಗ ಎಲೆಕ್ಟ್ರಿಕ್ ಗಿಟಾರಿನಲ್ಲಿ ಗುಂಯ್ ಎಂಬ ಸದ್ದು ಬಂದರೆ ಅದು ಸಾಮಾನ್ಯವಾಗಿ ಅರ್ಥಿಂಗಿನ ದೋಷವಾಗಿರುವುದರಿಂದ ಬ್ಯಾಟರಿಯ ಮೇಲೆ ಮುದ್ರಿಸಿ ನೋಡಬಹುದು, ಕರೆಂಟು ಹೋದಾಗಲೂ ಅದೇ ಬ್ಯಾಟರಿ ಮುದ್ರಣವನ್ನು ಉಳಿಸುತ್ತದೆ. ಮೂರು ಥಂಡರ್‌ಬೋಲ್ಟ್ 5 ಪೋರ್ಟ್‌ಗಳಿದ್ದೂ ಒಂದೇ ಒಂದು ಹಳೆಯ ಯುಎಸ್‌ಬಿ ಪೋರ್ಟ್ ಇಲ್ಲದಿರುವುದು ಮಾತ್ರ ಕಿರಿಕಿರಿ.

ತಂಬೂರಿಯ ಟ್ರ್ಯಾಕಿನ ಮೇಲೆ ಗಾಯನ ಮುದ್ರಿಸಿ, ಒಂದಿಷ್ಟು ರಿವರ್ಬ್ ಸೇರಿಸುವವರೆಗಷ್ಟೇ ಕೆಲಸವಿರುವವರು ಇದಕ್ಕೆ ಹಣ ಸುರಿಯುವುದು ಬೇಡ. ಫ್ಯಾನೇ ಇಲ್ಲದ, 16 ಜಿಬಿಯ ಎಂ4 ಮ್ಯಾಕ್‌ಬುಕ್ ಏರ್ ಕೊಂಡು ಉಳಿದ ಹಣದಲ್ಲಿ ಒಳ್ಳೆಯ ಮೈಕ್ ತರಲಿ.