ಕಣ್ಣಿನ ಕೊಲಾಜೆನ್‌ಗೆ ಅಂತ ಮಾಡಿಸಿದ ರಕ್ತ ಪರೀಕ್ಷೆ

ಈ ಲ್ಯಾಬಿನ ಪ್ಯಾಕೇಜಿಗೆ ಐದಕ್ಕೆ ಎರಡು ಸ್ಟಾರ್. ಆ ಎರಡೂ ರಕ್ತ ತೆಗೆಯಲು ಮನೆಗೆ ಬಂದ ಹುಡುಗನಿಗೆ. ಸೂಜಿ ಚುಚ್ಚಿದ್ದೇ ತಮ್ಮನಿಗೆ ಗೊತ್ತಾಗಲಿಲ್ಲ.

ತಮ್ಮನಿಗೆ 17 ವರ್ಷ. ಒಂದೇ ವರ್ಷದಲ್ಲಿ ಎರಡು ಸಲ ಕನ್ನಡಕ ಬದಲಾಯಿಸಿದೆವು, ಕಣ್ಣಿನ ಬಾಗು ಒಂದೇ ಸಮ ಇಲ್ಲದ್ದಕ್ಕೆ ಕೊಡುವ ಸಿಲಿಂಡರ್ ನಂಬರ್ ಏರುತ್ತಲೇ ಹೋಯಿತು. ಸ್ಕ್ಯಾನ್ ಮಾಡಿ ಕೆರಟೋಕೋನಸ್ ಅಂದರು. ಕಣ್ಣಿನ ಮುಂದೆ ಗಾಜಿನ ಹಾಗೆ ಇರುತ್ತದಲ್ಲ, ಕಾರ್ನಿಯಾ, ಅದು ತೆಳ್ಳಗಾಗುತ್ತ ಮುಂದಕ್ಕೆ ಚೂಪಾಗಿ ಉಬ್ಬುವ ಕಾಯಿಲೆ. ಕಾರ್ನಿಯಾದ ಗಟ್ಟಿತನವೆಲ್ಲ ಇರುವುದು ಕೊಲಾಜೆನ್ ಅನ್ನೋ ಪ್ರೋಟೀನಿನ ಎಳೆಗಳಲ್ಲಿ. ರಾತ್ರಿಯೆಲ್ಲ ನಿದ್ದೆ ಇಲ್ಲದೆ ಮೊಬೈಲ್ ನೋಡುತ್ತ ಕೂತಿದ್ದಾಗ ಈ ಲ್ಯಾಬಿನ ಕೊಲಾಜೆನ್ ಪ್ಯಾಕೇಜ್ ಕಣ್ಣಿಗೆ ಬಿತ್ತು. ಲ್ಯಾಬಿನ ಹೆಸರು ಬೇಡ ಬಿಡಿ. 4,800 ರೂಪಾಯಿ.

ಅದರಲ್ಲಿ ಪಿ1ಎನ್‌ಪಿ, ಸಿಟಿಎಕ್ಸ್, ತಾಮ್ರ, ವಿಟಮಿನ್ ಡಿ ಇದ್ದವು. ಹೊಸ ಕೊಲಾಜೆನ್ ತಯಾರಾಗುವಾಗ ಪಿ1ಎನ್‌ಪಿ ರಕ್ತಕ್ಕೆ ಬರುತ್ತದೆ, ಹಳೆಯದು ಒಡೆಯುವಾಗ ಸಿಟಿಎಕ್ಸ್. ಎರಡೂ ಒಂದನೇ ಬಗೆಯ ಕೊಲಾಜೆನ್‌ನವು, ಕಾರ್ನಿಯಾದಲ್ಲೂ ಜಾಸ್ತಿ ಇರುವುದು ಅದೇ. ಕೇಳೋಕೆ ಸರಿಯಾಗೇ ಇದೆ ಅಲ್ವಾ? ನಾನೂ ಹಾಗೇ ಅಂದುಕೊಂಡು ದುಡ್ಡು ಕಟ್ಟಿದೆ.

ಬೆಳಿಗ್ಗೆ 7ಕ್ಕೆ ಬರುತ್ತೇವೆ ಅಂದವರು ಬಂದದ್ದು 11ಕ್ಕೆ. ಅಷ್ಟರಲ್ಲಿ ತಮ್ಮ ನಾಲ್ಕು ಇಡ್ಲಿ ತಿಂದಾಗಿತ್ತು. ಸಿಟಿಎಕ್ಸ್ ಅನ್ನು ಬೆಳಿಗ್ಗೆ ಬೇಗ, ಖಾಲಿ ಹೊಟ್ಟೆಯಲ್ಲೇ ಕೊಡಬೇಕಂತೆ, ತಿಂದರೆ ಅದರ ಲೆಕ್ಕ ಕೆಳಗಿಳಿಯುತ್ತದೆ. ಇದನ್ನು ಯಾರೂ ಹೇಳಲಿಲ್ಲ, ಫಾರ್ಮ್‌ನಲ್ಲೂ ಇರಲಿಲ್ಲ. ರಿಪೋರ್ಟ್ ನೋಡಿದರೆ ಪಿ1ಎನ್‌ಪಿ ಮುಂದೆ ದೊಡ್ಡ ಕೆಂಪು ಬಾಣ. ಅಮ್ಮ ಅತ್ತೇಬಿಟ್ಟರು. ಮರುದಿನವೇ ಲ್ಯಾಬಿನಿಂದ ಫೋನ್, "ಕೊಲಾಜೆನ್ ಪೌಡರ್ ಶುರು ಮಾಡಿ ಮೇಡಂ" ಅಂತ.

ಕಣ್ಣಿನ ಡಾಕ್ಟರ್ ರಿಪೋರ್ಟ್ ನೋಡಿ ನಕ್ಕರು. ಬೆಳೆಯೋ ಹುಡುಗನ ಮೂಳೆ ಅಮ್ಮಾ, ಪಿ1ಎನ್‌ಪಿ ಜಾಸ್ತಿ ಇರದೆ ಇನ್ನೇನು, ಇವರು ದೊಡ್ಡವರ ಅಳತೆಗೆ ಹೋಲಿಸಿ ಬಾಣ ಹಾಕಿದ್ದಾರೆ ಅಂದರು. ಈ ಎರಡೂ ರಕ್ತಕ್ಕೆ ಬರುವುದು ಹೆಚ್ಚಾಗಿ ಮೂಳೆಯಿಂದ. ಅರ್ಧ ಮಿಲಿಮೀಟರಿಗಿಂತ ಸ್ವಲ್ಪವೇ ದಪ್ಪ ಇರುವ, ರಕ್ತನಾಳವೇ ಇಲ್ಲದ ಕಾರ್ನಿಯಾದ ಸುದ್ದಿ ಆ ಗದ್ದಲದಲ್ಲಿ ಎಲ್ಲಿ ಕೇಳಿಸಬೇಕು? ಹಾಗಂತ ಕೊಲಾಜೆನ್ ಕಥೆ ಸುಳ್ಳಲ್ಲ. ಅದರ ಎಳೆಗಳನ್ನು ಒಂದಕ್ಕೊಂದು ಹೆಣೆಯುವ ಲೈಸಿಲ್ ಆಕ್ಸಿಡೇಸ್ ಅನ್ನೋ ಕಿಣ್ವ ಇದೆ, ಕಾಯಿಲೆ ಜೋರಾದಷ್ಟೂ ಅದು ಕಡಿಮೆ ಅಂತ ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯದವರೇ 2015ರಲ್ಲಿ ತೋರಿಸಿದ್ದಾರೆ. ಆದರೆ ಅವರು ನೋಡಿದ್ದು ಕಾರ್ನಿಯಾದ ಮೇಲ್ಪದರವನ್ನೇ, ತೋಳಿನ ರಕ್ತವನ್ನಲ್ಲ. ಆ ಕಿಣ್ವಕ್ಕೆ ತಾಮ್ರ ಬೇಕು, ಪ್ಯಾಕೇಜಿನಲ್ಲಿ ತಾಮ್ರ ಸೇರಿಸಿದ್ದು ಅದಕ್ಕೇ ಇರಬೇಕು. ತಮ್ಮನದ್ದು ನಾರ್ಮಲ್ ಬಂತು.

ಕೆಲಸಕ್ಕೆ ಬಂದದ್ದು ವಿಟಮಿನ್ ಡಿ ಒಂದೇ. ತುಂಬಾ ಕಡಿಮೆ ಇತ್ತು, ಮಾತ್ರೆ ಬರೆದುಕೊಟ್ಟರು. ಕೆರಟೋಕೋನಸ್ ಇರುವವರಲ್ಲಿ ಡಿ ಕಡಿಮೆ ಅಂತ ಕೆಲವು ಅಧ್ಯಯನಗಳು ಹೇಳುತ್ತವಂತೆ, ಆದರೂ ಮಾತ್ರೆ ನುಂಗಿದರೆ ಕಣ್ಣು ಸರಿಹೋಗುತ್ತದೆ ಅಂತ ಡಾಕ್ಟರೇನೂ ಮಾತು ಕೊಡಲಿಲ್ಲ. ಅದೊಂದನ್ನೇ ಮಾಡಿಸಿದ್ದರೆ ಎಷ್ಟೋ ಕಡಿಮೆಯಲ್ಲಿ ಮುಗಿಯುತ್ತಿತ್ತು.

ಕಾಯಿಲೆ ಮುಂದುವರಿಯುತ್ತಿದೆಯಾ ಅಂತ ತಿಳಿಯೋದು ಸ್ಕ್ಯಾನ್‌ನಲ್ಲೇ. ಬಣ್ಣಬಣ್ಣದ ಆ ನಕ್ಷೆಯನ್ನು ಹಳೆಯದರ ಪಕ್ಕ ಇಟ್ಟು ನೋಡುತ್ತಾರೆ. ಮೂರು ತಿಂಗಳು ಬಿಟ್ಟು ಮತ್ತೆ ಬನ್ನಿ, ಉಬ್ಬು ಜಾಸ್ತಿಯಾಗಿದ್ದರೆ ಸಿ3ಆರ್ ಮಾಡೋಣ ಅಂದಿದ್ದಾರೆ. ರೈಬೋಫ್ಲೇವಿನ್ (ವಿಟಮಿನ್ ಬಿ2) ಹನಿ ಹಾಕಿ ನೇರಳಾತೀತ ಬೆಳಕು ಬಿಟ್ಟು ಕೊಲಾಜೆನ್ ಎಳೆಗಳನ್ನು ಬಿಗಿ ಮಾಡುವುದು ಅದು. ಹಳೆಯ ವಿಧಾನದಲ್ಲಿ ಬೆಳಕು ಬಿಡುವುದೇ 30 ನಿಮಿಷ, ಅದಕ್ಕೆ ಕಾರ್ನಿಯಾ 400 ಮೈಕ್ರಾನ್, ಅಂದರೆ 0.4 ಮಿಲಿಮೀಟರ್ ಆದರೂ ದಪ್ಪ ಇರಬೇಕು. ಕಣ್ಣಂತೂ ಉಜ್ಜಲೇಬಾರದು. ಧೂಳಿನ ಅಲರ್ಜಿ ಇರುವವನಿಗೆ ಅದೇ ದೊಡ್ಡ ಕಷ್ಟ.

ದುಡ್ಡು ವಾಪಸ್ ಕೊಡಿ ಅಂತ ಲ್ಯಾಬಿಗೆ ಕೇಳಿದೆ. ಮುಂದಿನ ಬುಕಿಂಗ್‌ಗೆ ಡಿಸ್ಕೌಂಟ್ ಕೊಡುತ್ತಾರಂತೆ.